ಇಲ್ಲದ ಮೂವತ್ತೊಂದು ಮಂದಿ

ಪುಟ್ಟಬಸಮ್ಮ ‘ಹ’ ಅಕ್ಷರವನ್ನು ಕಲಿತದ್ದು ಹದಿನೇಳನೇ ವಯಸ್ಸಿನಲ್ಲಿ. ಅದಕ್ಕೆ ಮೊದಲೂ ಬರೆಯಲು ಬರುತ್ತಿತ್ತು, ಪರೀಕ್ಷೆಗಳಲ್ಲಿ ತಪ್ಪಿಲ್ಲದೆ ಬರೆದೂ ಇದ್ದಳು. ಬಾಯಲ್ಲಿ ಮಾತ್ರ ಇರಲಿಲ್ಲ. ಮೈಸೂರಿನ ಕಾಲೇಜಿಗೆ ಸೇರಿದ ಮೊದಲ ದಿನ ಮೇಷ್ಟ್ರು ಯಾವ ಊರಮ್ಮ ಎಂದು ಕೇಳಿದಾಗ ಎದ್ದು ನಿಂತು, “ಎಮ್ಮರಗಾಲ ಸಾ, ನಂಜನಗೂಡು ತಾಲ್ಲೂಕು” ಎಂದಳು. ಹಿಂದಿನ ಬೆಂಚಿನಿಂದ ಯಾರೋ, “ಎಮ್ಮೆ ಕಾಲಾ?” ಎಂದರು. ತರಗತಿಗೆ ತರಗತಿಯೇ ನಕ್ಕಿತು. ಆ ಸಂಜೆ ಅವಳು ಹಾಸ್ಟೆಲಿನ ಬಚ್ಚಲಿನ ಬಾಗಿಲು ಹಾಕಿಕೊಂಡು ಹೆಮ್ಮರಗಾಲ, ಹೆಮ್ಮರಗಾಲ ಎಂದು ಉಸಿರು ತಳ್ಳಿ ತಳ್ಳಿ ಅಭ್ಯಾಸ ಮಾಡಿದಳು. ವರ್ಷ ತುಂಬುವಷ್ಟರಲ್ಲಿ ನಾಲಗೆ ಪಳಗಿತು. ರಜಕ್ಕೆ ಊರಿಗೆ ಬಂದಾಗ ಅವಳ ಅವ್ವ ಹೊನ್ನಮ್ಮ, “ಏನವ್ವಾ, ಮಾತ್ಗೊಂದ್ ಸಲ ಉಸ್ಸಂತೀಯಲ್ಲ, ಗೂರ್ಲು ಗೀರ್ಲು ಬಂದದಾ?” ಎಂದು ಗಾಬರಿಯಾಗಿ ಎದೆ ಮುಟ್ಟಿ ನೋಡಿದ್ದಳು.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಮುಂದೆ ಆದದ್ದು ಬೇರೆ ಯಾರಿಂದ ಆಗಿದ್ದರೂ ತಿಳಿಯದೆ ಆಯಿತು ಎನ್ನಬಹುದಿತ್ತು. ಪುಟ್ಟಬಸಮ್ಮನಿಗೆ ಆ ಮಾತು ಹೇಳಿಕೊಳ್ಳುವ ಹಕ್ಕಿರಲಿಲ್ಲ.

ಎಂ.ಕಾಂ. ಮುಗಿಸಿ ಅವರು ನಂಜನಗೂಡಿನ ಒಂದು ಕಾಲೇಜಿನಲ್ಲಿ ಅಕೌಂಟೆನ್ಸಿ ಅಧ್ಯಾಪಕಿಯಾದರು. ತೊಂಬತ್ತೆರಡರಲ್ಲಿ ಕಾಲೇಜಿಗೆ ಎರಡು ಕಂಪ್ಯೂಟರ್ ಬಂದವು. ಅವಕ್ಕೆ ಹೂವಿನ ಚಿತ್ರದ ಬಟ್ಟೆ ಹೊದಿಸಿ, ಒಳಗೆ ಹೋಗುವವರು ಚಪ್ಪಲಿ ಬಿಡಬೇಕು ಎಂದು ಬೋರ್ಡು ಹಾಕಿ, ಬೀಗ ಜಡಿದಿದ್ದರು. ಬೀಗದ ಕೈ ಕೇಳಿ ಪಡೆದವರು ಪುಟ್ಟಬಸಮ್ಮ ಒಬ್ಬರೇ. ಎರಡು ಬೇಸಿಗೆ ರಜ ಮೈಸೂರಿಗೆ ಓಡಾಡಿ ಕಲಿತರು. ಕಾಮರ್ಸ್ ವಿಭಾಗದವರು, “ಡೆಬಿಟ್ಟು ಕ್ರೆಡಿಟ್ಟು ಬಿಟ್ಟು ಟೈಪಿಂಗಿಗೆ ಹೊರಟ್ರಾ ಮೇಡಂ?” ಎಂದು ಹಾಸ್ಯ ಮಾಡಿದರು. ಕಂಪ್ಯೂಟರಿನವರಿಗೆ ಅವರು ಕೊನೆಯವರೆಗೂ ‘ಲೆಕ್ಕದ ಮೇಡಂ’. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಿತ್ತು. ಆದರೆ ಆ ಎರಡರ ನಡುವೆ ಅವರಿಗೆ ಒಂದು ವಿಷಯ ಕಂಡಿತ್ತು. ಲೆಕ್ಕದ ಪುಸ್ತಕ ಎಂದರೆ ಅಂಕಿಗಳ ಮೂಟೆಯಲ್ಲ, ಒಬ್ಬರು ಇನ್ನೊಬ್ಬರಿಗೆ ಸುದ್ದಿ ಮುಟ್ಟಿಸುವ ಏರ್ಪಾಡು; ಆ ಸುದ್ದಿ ದಾರಿಯಲ್ಲಿ ಎಲ್ಲಿ ಸೋರುತ್ತದೆ ಎಂದು ಯಂತ್ರ ಹಿಡಿದು ಕೊಡಬಲ್ಲದು. ಇದರ ಮೇಲೆಯೇ ಪಿಎಚ್.ಡಿ. ಮಾಡುತ್ತೇನೆಂದು ಮೈಸೂರಿನಲ್ಲಿ ಹೆಸರು ನೋಂದಾಯಿಸಿದರು.

ಅಧ್ಯಯನಕ್ಕೆ ಸಿಕ್ಕಿದ್ದು ತಿರುಮಕೂಡಲು ನರಸೀಪುರದಿಂದ ಮುಡುಕುತೊರೆ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಎರಡು ಮೈಲಿ ಇದ್ದ ಮಾಕನಕೊಪ್ಪಲು ಎಂಬ ಊರಿನ ಹಾಲಿನ ಸಂಘ. ಅಲ್ಲಿಯ ಕಾರ್ಯದರ್ಶಿ ದೊಡ್ಡಮಾದಯ್ಯ. ಎಸ್ಸೆಸ್ಸೆಲ್ಸಿ ಪಾಸು ಮಾಡಿದವರು, ಅವರ ಕೇರಿಯಿಂದ ಆ ಕುರ್ಚಿಯಲ್ಲಿ ಕೂತ ಮೊದಲ ಮನುಷ್ಯ. ಮೊದಮೊದಲು ಅವರು ಹಾಲು ಅಳೆಯುತ್ತಾರೆ ಎಂದು ಕ್ಯಾನು ಹೊತ್ತು ವಾಪಸು ಹೋದವರೂ ಇದ್ದರಂತೆ. ಅಳತೆಯಲ್ಲಿ ಒಂದು ಹನಿ ಹೆಚ್ಚುಕಡಿಮೆ ಇಲ್ಲ ಎಂದು ಗೊತ್ತಾದ ಮೇಲೆ ಒಬ್ಬೊಬ್ಬರಾಗಿ ತಿರುಗಿ ಬಂದರು.

ತೊಂಬತ್ತೇಳರ ಬೇಸಿಗೆಯಲ್ಲಿ ಪುಟ್ಟಬಸಮ್ಮ ಅಲ್ಲಿಗೆ ಹನ್ನೆರಡು ಸಲ ಹೋಗಿರಬೇಕು. ಪ್ರತಿ ಸಲವೂ ದೊಡ್ಡಮಾದಯ್ಯ ಅವರ ಕುರ್ಚಿಯನ್ನು ಗಾಳಿ ಬರುವ ಕಿಟಕಿಯ ಹತ್ತಿರ ಹಾಕಿ, ರಿಜಿಸ್ಟರುಗಳ ಧೂಳು ಒರೆಸಿ, ಬೇಕಾದ ಪುಟಕ್ಕೆ ಬೆಂಕಿಕಡ್ಡಿ ಇಟ್ಟು ಗುರುತು ಮಾಡಿರುತ್ತಿದ್ದರು. ಹನ್ನೊಂದು ಗಂಟೆಗೆ ಕಾಫಿ ಬರುತ್ತಿತ್ತು. ಅದು ಸಂಘದ ಎದುರಿಗೇ ಇದ್ದ ದೊಡ್ಡಮಾದಯ್ಯನವರ ಮನೆಯಿಂದ ಬರುತ್ತಿರಲಿಲ್ಲ. ಮೇಲಿನ ಬೀದಿಯ ಲಿಂಗಾಯತರ ಮನೆಯಿಂದ, ಅವರೇ ಮೊದಲೇ ಹೇಳಿಟ್ಟು ತರಿಸುತ್ತಿದ್ದರು. ಬಂದ ಹೆಣ್ಣುಮಗಳಿಗೆ ಮುಜುಗರವಾಗಬಾರದು ಎಂದು, ಒಂದು ಮಾತೂ ಆಡದೆ ಮಾಡಿದ ಏರ್ಪಾಡು. ಪುಟ್ಟಬಸಮ್ಮನಿಗೆ ಅದು ಅರ್ಥವಾಗಿತ್ತು. ‘ನಿಮ್ಮ ಮನೆಯದೇ ಕೊಡಿ’ ಎನ್ನಬಹುದಿತ್ತು. ಹನ್ನೆರಡು ಸಲವೂ ಕುಡಿದು ಲೋಟ ಕೆಳಗಿಟ್ಟರು.

ಸಂಘದಲ್ಲಿ ಎರಡು ಮುಖ್ಯ ಪುಸ್ತಕಗಳಿದ್ದವು. ಒಂದು ಸದಸ್ಯರ ಪುಸ್ತಕ. ಸಂಘ ಹುಟ್ಟಿದಾಗ ಊರಿನ ಶಾಲೆಯ ಹೆಡ್ ಮೇಷ್ಟ್ರು ದುಂಡಾಗಿ ಬರೆದು ಕೊಟ್ಟದ್ದು. ಇನ್ನೊಂದು ದಿನದಿನದ ಹಾಲಿನ ಪುಸ್ತಕ. ದೊಡ್ಡಮಾದಯ್ಯ ಹೊತ್ತಾರೆ ಸಂಜೆ ನಿಂತುಕೊಂಡೇ ಬರೆಯುತ್ತಿದ್ದದ್ದು. ಸದಸ್ಯರ ನಂಬರುಗಳು ನಡುವೆ ಎರಡು ಸಲ ಬದಲಾಗಿದ್ದರಿಂದ ಎರಡೂ ಪುಸ್ತಕಗಳನ್ನು ಹೆಸರಿನ ಮೇಲೆಯೇ ಹೊಂದಿಸಬೇಕಾಯಿತು. ಪುಟ್ಟಬಸಮ್ಮನ ಹಳೆಯ ವಿದ್ಯಾರ್ಥಿ ನಂಜೇಶ್, ಚುರುಕು ಹುಡುಗ, ಮೂರು ತಿಂಗಳು ಕೂತು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕಂಪ್ಯೂಟರಿಗೆ ತುಂಬಿದ. ಆಗ ಅದಕ್ಕೆ ಕನ್ನಡ ಹತ್ತುತ್ತಿರಲಿಲ್ಲ. ಪುಟ್ಟಬಸಮ್ಮ ಬರೆದ ಪ್ರೋಗ್ರಾಮು ಎರಡು ಪಟ್ಟಿಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿತು. ದಿನದ ಪುಸ್ತಕದಲ್ಲಿ ಹಾಲು ಹಾಕಿದ ಮೂವತ್ತೊಂದು ಮಂದಿ ಸದಸ್ಯರ ಪುಸ್ತಕದಲ್ಲಿ ಇರಲೇ ಇಲ್ಲ.

“ಮೇಡಂ, ದೆವ್ವಗಳು ಹಾಲು ಹಾಕಿವೆ!” ಎಂದು ನಂಜೇಶ್ ಕೂಗಿದ.

ಪಿಎಚ್.ಡಿ.ಯ ಗೈಡಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅಲ್ಲಿಯವರೆಗೆ ಒಣಗಿಕೊಂಡಿದ್ದ ಪ್ರಬಂಧಕ್ಕೆ ಜೀವ ಬಂತು. ಇಲ್ಲದವರ ಹೆಸರಿನಲ್ಲಿ ಹಾಲು ಬರೆದು ದುಡ್ಡು ತೆಗೆಯುವುದನ್ನು ಯಂತ್ರ ಹಿಡಿಯುತ್ತದೆ ಎಂಬುದೇ ಅದರ ತಿರುಳಾಯಿತು. ಹೆಸರು ಹಾಕಬಾರದೆಂಬ ನಿಯಮದಂತೆ ಕೋಷ್ಟಕದಲ್ಲಿ ಒಂದರಿಂದ ಮೂವತ್ತೊಂದರವರೆಗೆ ಬರೀ ಅಂಕಿಗಳನ್ನು ಕೊಟ್ಟರು. ಸಂಘದವರು ಇಷ್ಟು ಸಹಾಯ ಮಾಡಿದ್ದಾರಲ್ಲ, ಮರ್ಯಾದೆಗೆ ಇರಲಿ ಎಂದು ಸಾರಾಂಶದ ಒಂದು ಪ್ರತಿಯನ್ನು ಕನ್ನಡದಲ್ಲಿ ಬರೆದು ಸಂಘದ ಅಧ್ಯಕ್ಷ ಶಿವಸ್ವಾಮಿಯವರಿಗೆ ಅಂಚೆಯಲ್ಲಿ ಕಳಿಸಿದರು. ಅದು ತೊಂಬತ್ತೊಂಬತ್ತರ ಜನವರಿ.

ಮಾರ್ಚಿನಲ್ಲಿ, ಪ್ರಬಂಧದ ಮೌಖಿಕ ಪರೀಕ್ಷೆಗೆ ಎಂಟು ದಿನ ಇದ್ದಾಗ, ಪುಟ್ಟಬಸಮ್ಮ ಹೆಮ್ಮರಗಾಲದಲ್ಲಿ ಅವ್ವನ ಜೊತೆ ಜಗಲಿಯ ಮೇಲೆ ಕೂತಿದ್ದರು. ಅಂಚೆಯ ರಾಚಯ್ಯ ತಾಲ್ಲೂಕು ಕಚೇರಿಯ ರಿಜಿಸ್ಟರ್ ಲಕೋಟೆ ತಂದ. ಮೇಲೆ ‘ಶ್ರೀಮತಿ ಒನ್ನಮ್ಮ’ ಎಂದಿತ್ತು.

“ಇದು ಅವ್ವನ ಹೆಸರಲ್ಲ ರಾಚಯ್ಯ, ವಾಪಸ್ ಕಳಿಸು. ಆಮೇಲೆ ಯಾರದೋ ಜಮೀನಿನ ತಕರಾರು ನಮ್ಮ ತಲೆಗೆ ಬಂದೀತು” ಎಂದರು ಪುಟ್ಟಬಸಮ್ಮ.

ರಾಚಯ್ಯ ಸೈಕಲ್ಲಿನ ಮೇಲಿಂದಲೇ ನಕ್ಕ. “ಅಯ್ಯೋ ಬುಡಿ ಮೇಡಮ್ಮೋರೆ. ಬಾಯಲ್ ಒನ್ನಮ್ಮ, ಕಾಗ್ದದಲ್ ಹೊನ್ನಮ್ಮ. ಗುಮಾಸ್ತ ಕಿವಿಗ್ ಬಿದ್ದಂಗೆ ಬರ್ದವ್ನೆ. ಇದ್ಕೆಲ್ಲಾ ವಾಪಸ್ ಕಳಿಸ್ಕಂಡ್ ಕೂತ್ರೆ ಈ ಊರಲ್ ಅರ್ಧ ಜನಕ್ಕೆ ಕಾಗ್ದನೇ ಬರಕಿಲ್ಲ! ತಕವ್ವಾ, ಎಬ್ಬೆಟ್ಟು ಒತ್ತು.”

ಅವ್ವ ಹೆಬ್ಬೆಟ್ಟು ಒತ್ತಿದಳು. ರಾಚಯ್ಯ ಅವಳ ಬೆರಳಿನ ಶಾಯಿಯನ್ನು ತನ್ನ ಅಂಗಿಯ ತುದಿಯಿಂದ ಒರೆಸಿ ಹೊರಟುಹೋದ.

ಪುಟ್ಟಬಸಮ್ಮ ಆ ಮಧ್ಯಾಹ್ನವೇ ನಂಜನಗೂಡಿಗೆ ಬಂದು ಪ್ರಿಂಟೌಟು ತೆಗೆದರು. ಒಂದನೆಯ ಹೆಸರು ಉಚ್ಚಯ್ಯ. ಸದಸ್ಯರ ಪಟ್ಟಿಯಲ್ಲಿ ಹುಚ್ಚಯ್ಯ ಇದ್ದ. ಎರಡನೆಯದು ಅಲಗಯ್ಯ, ಅಲ್ಲಿ ಹಲಗಯ್ಯ. ಒಂಬಾಳಮ್ಮ, ಹೊಂಬಾಳಮ್ಮ. ಒಂದು ‘ಎಚ್’ ಇಲ್ಲದ್ದಕ್ಕೆ ಯಂತ್ರ ಮನುಷ್ಯರನ್ನೇ ಇಲ್ಲ ಎಂದಿತ್ತು. ಯಂತ್ರಕ್ಕೆ ಹಾಗೆ ಹೇಳಿಕೊಟ್ಟವರು ಬಚ್ಚಲಲ್ಲಿ ಕೂತು ‘ಹ’ ಕಲಿತ ಹೆಮ್ಮರಗಾಲದ ಹೆಣ್ಣುಮಗಳು. ಹತ್ತು ಹೆಸರು ನೋಡಿದರು. ಮಿಕ್ಕದ್ದನ್ನು ನೋಡದೆ ಕಾಗದವನ್ನು ಮಡಿಸಿ ಬೀರುವಿನಲ್ಲಿಟ್ಟರು.

ಗೈಡಿಗೆ ಹೇಳಬೇಕೆಂದು ಮೈಸೂರಿನವರೆಗೂ ಹೋದರು. ಅವರು ಬಾಗಿಲಲ್ಲೇ, “ಬಾಮ್ಮ, ಪರೀಕ್ಷಕರ ವರದಿ ಬಂತು. ನಿನ್ನ ಆ ಕೋಷ್ಟಕವನ್ನು ಹೊಗಳಿದ್ದಾರೆ ನೋಡು” ಎಂದು ಕಾಗದ ಕೈಗಿತ್ತರು. ಪುಟ್ಟಬಸಮ್ಮ ಅದನ್ನು ಓದಿ, ನಮಸ್ಕಾರ ಮಾಡಿ ಬಂದರು. ಎಂಟು ದಿನದ ಮೇಲೆ ಡಾಕ್ಟರ್ ಪುಟ್ಟಬಸಮ್ಮ ಆದರು. ಕಾಲೇಜಿನಲ್ಲಿ ಪೇಡ ಹಂಚಿದರು.

ಮೇ ತಿಂಗಳಲ್ಲಿ ಒಂದು ಇನ್‌ಲ್ಯಾಂಡ್ ಕಾಗದ ಬಂತು.

‘ಪೂಜ್ಯ ಮೇಡಂ ಅವರಿಗೆ ದೊಡ್ಡಮಾದಯ್ಯ ಮಾಡುವ ನಮಸ್ಕಾರಗಳು. ಇಲ್ಲಿ ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ನಿಮ್ಮ ಪುಸ್ತಕದಲ್ಲಿ ನಮ್ಮ ಸಂಘದ ಮೂವತ್ತೊಂದು ಜನ ಇಲ್ಲ ಅಂತ ಬರೆದಿದೆ ಅಂತ ಅಧ್ಯಕ್ಷರು ಮೀಟಿಂಗ್ ಕರೆದಿದ್ದಾರೆ. ಎಸರು ಕೊಟ್ಟಿಲ್ಲ. ಆ ಎಸರುಗಳು ಯಾವುವು ಅಂತ ತಾವು ಬರೆದು ತಿಳಿಸಿದರೆ ಅವರನ್ನೆಲ್ಲ ಕರಕೊಂಡು ನಂಜನಗೂಡಿಗೇ ಬಂದು ತಮ್ಮ ಮುಂದೆ ನಿಲ್ಲಿಸುತ್ತೇನೆ. ತಾವು ಕಣ್ಣಾರೆ ನೋಡಬಹುದು. ಬಸ್ ಚಾರ್ಜು ನಾನೇ ಆಕಿಕೊಳ್ಳುತ್ತೇನೆ.’

ಹೆಸರು ಎನ್ನುವ ಪದವನ್ನೇ ಎಸರು ಎಂದು ಬರೆದಿದ್ದರು. ಇಡೀ ಕೋಷ್ಟಕದ ಉತ್ತರ ಆ ಒಂದು ಪದದಲ್ಲಿತ್ತು. ಪುಟ್ಟಬಸಮ್ಮ ಉತ್ತರ ಬರೆಯಲು ನಾಲ್ಕು ಸಲ ಕೂತರು. ಪೂಜ್ಯ ಎಂದು ಬರೆಯುವುದೋ ಶ್ರೀ ಎಂದು ಬರೆಯುವುದೋ ಎಂಬಲ್ಲಿಗೇ ನಾಲ್ಕೂ ಸಲ ನಿಂತುಹೋಯಿತು. ಜೂನಿನಲ್ಲಿ ಕಾಲೇಜು ಶುರುವಾಯಿತು. ದೊಡ್ಡಮಾದಯ್ಯ ತಾವಾಗಿ ರಾಜೀನಾಮೆ ಕೊಟ್ಟರೆ ಪೊಲೀಸ್ ಕೇಸು ಬೇಡ ಎಂದು ಊರಲ್ಲಿ ತೀರ್ಮಾನವಾಯಿತೆಂದೂ, ಅವರು ಬರೆದು ಕೊಟ್ಟರೆಂದೂ, ಆ ಕುರ್ಚಿಗೆ ಶಿವಸ್ವಾಮಿಯವರ ಭಾವಮೈದುನ ಬಂದನೆಂದೂ ನಂಜೇಶ್ ಯಾವಾಗಲೋ ಹೇಳಿದ.

ಆಮೇಲಿನ ಏಳು ವರ್ಷ ಪುಟ್ಟಬಸಮ್ಮನಿಗೆ ಮೆಟ್ಟಿಲ ಮೇಲೆ ಮೆಟ್ಟಿಲು. ಅವರ ಲೇಖನ ದೆಹಲಿಯ ಪತ್ರಿಕೆಯಲ್ಲಿ ಬಂತು. ಲೆಕ್ಕಪತ್ರ ಮತ್ತು ಮಾಹಿತಿ ವ್ಯವಸ್ಥೆ ಎಂಬ ಹೊಸ ಪಠ್ಯ ಮಾಡುವಾಗ ಇವರನ್ನೇ ಕರೆದರು. ಕಾಮರ್ಸಿನವರೂ ಕಂಪ್ಯೂಟರಿನವರೂ ಈಗ ನಮ್ಮವರು, ನಮ್ಮವರು ಎಂದು ಎಳೆದಾಡಿದರು. ಎಲ್ಲೇ ಭಾಷಣವಾದರೂ ಪರಿಚಯ ಮಾಡಿಕೊಡುವವರು ಮಾತು ಮುಗಿಸುತ್ತಿದ್ದದ್ದು ಆ ಮೂವತ್ತೊಂದು ಹೆಸರಿನ ಕಥೆಯಿಂದ. ಜನ ನಗುತ್ತಿದ್ದರು. ಪುಟ್ಟಬಸಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದರು. ಯಾರಾದರೂ ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟರೆ, ತರಕಾರಿಯವಳು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ ಅವರಿಗೆ, ಇದು ನನಗೆ ಬರಬೇಕಾದ್ದಲ್ಲ ಎನ್ನಿಸುತ್ತಿತ್ತು.

ಎರಡು ಸಾವಿರದ ಆರನೇ ಇಸವಿ. ನಂಜೇಶ್ ಈಗ ನಂಜನಗೂಡಿನಲ್ಲಿ ಸ್ವಂತ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಪುಟ್ಟಬಸಮ್ಮನ ವಿಧಾನದ ಮೇಲೆಯೇ ಒಂದು ಪ್ಯಾಕೇಜು ಮಾಡಿ, ಹಾಲಿನ ಸಂಘಗಳಿಗೆ ಮಾರಲು ಹೊರಟಿದ್ದ. ನರಸೀಪುರದ ಒಂದು ಸಮುದಾಯ ಭವನದಲ್ಲಿ ಅದರ ತರಬೇತಿ. “ನೀವು ಬಂದು ಒಂದೆರಡು ಮಾತಾಡಿ ಮೇಡಂ, ನಿಮ್ಮ ಹೆಸರು ನೋಡಿಯೇ ಇಪ್ಪತ್ತು ಸಂಘದವರು ಒಪ್ಪಿದ್ದಾರೆ” ಎಂದ. ಮುಂದಿನ ತಿಂಗಳು ಪುಟ್ಟಬಸಮ್ಮನಿಗೆ ಮೈಸೂರಿನಲ್ಲಿ ಪ್ರಾಧ್ಯಾಪಕರ ಹುದ್ದೆಯ ಸಂದರ್ಶನ ಇತ್ತು. ಇಂಥದ್ದೊಂದು ಇದ್ದರೆ ಅದಕ್ಕೂ ತೂಕ. ಹೋದರು.

ಮುಂದಿನ ಸಾಲಿನಲ್ಲಿ ಶಿವಸ್ವಾಮಿ ಶಲ್ಯ ಹೊದ್ದು ಕೂತಿದ್ದರು. ನಂಜೇಶ್ ಪ್ರೊಜೆಕ್ಟರ್ ಹಾಕಿ, “ಯಾವುದಾದರೂ ಒಂದು ಸಂಘದ ನಿಜವಾದ ಪುಸ್ತಕ ಕೊಡಿ, ಇಲ್ಲೇ ಪರೀಕ್ಷೆ ಮಾಡಿ ತೋರಿಸ್ತೀನಿ” ಎಂದ. ಹಿಂದಿನಿಂದ ತಿಳಿನೀಲಿ ಸೀರೆಯ ಹೆಣ್ಣುಮಗಳೊಬ್ಬಳು ಎದ್ದು, “ನಮ್ದು ತಕಳಿ. ಹೋದ್ವಾರನೇ ನಿಮ್ಮ ಅಂಗ್ಡೀಲಿ ಟೈಪ್ ಮಾಡ್ಸಿ ಕೊಟ್ಟಿದ್ದೀನಲ್ಲ” ಎಂದಳು. ಮಾಕನಕೊಪ್ಪಲಿನಲ್ಲಿ ಹೊಸದಾಗಿ ಆಗಿದ್ದ ಮಹಿಳಾ ಹಾಲಿನ ಸಂಘದ ಕಾರ್ಯದರ್ಶಿ. ಹೆಸರು ಇಂದ್ರಾಣಿ.

“ಯಾರ ಮಗಳಮ್ಮ?” ಎಂದು ಪುಟ್ಟಬಸಮ್ಮ ಪಕ್ಕದವರನ್ನು ಮೆಲ್ಲಗೆ ಕೇಳಿದರು.

“ದೊಡ್ಡಮಾದಯ್ಯ ಅಂತಿದ್ನಲ್ಲ, ಹಳೇ ಸೆಕ್ರೆಟ್ರಿ. ಅವನ್ ಮಗ್ಳು.”

ಪರದೆಯ ಮೇಲೆ ಅಕ್ಷರ ಮೂಡಿತು. ‘ಸದಸ್ಯರ ಪಟ್ಟಿಯಲ್ಲಿ ಇಲ್ಲದ ಹೆಸರುಗಳು: ಒಂಬತ್ತು.’ ಭವನದಲ್ಲಿ ಗುಸುಗುಸು ಎದ್ದಿತು.

“ಅಪ್ಪನ್ ಕೈಚಳಕ ಮಗ್ಳಿಗೂ ಬಂದದೆ ಕಣ್ಲಾ” ಎಂದು ಯಾರೋ ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದರು. ಶಿವಸ್ವಾಮಿ ಮೀಸೆಯೊಳಗೇ ನಕ್ಕರು.

ಇಂದ್ರಾಣಿಯ ಮುಖ ಕಪ್ಪಿಟ್ಟಿತು. ಆದರೆ ಈ ಸಲದ ಪರದೆಯ ಮೇಲೆ ಬರೀ ಅಂಕಿ ಇರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಹೆಸರುಗಳೇ ಇದ್ದವು. ಅವಳು ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ಓದಿದಳು. ಓದಿದವಳೇ ನಕ್ಕುಬಿಟ್ಟಳು.

“ಉಚ್ಚಮ್ಮ! ಇದು ನಮ್ ಹುಚ್ಚಮ್ಮಜ್ಜಿ ಕಣ್ರೀ. ಇವತ್ತೂ ಹೊತ್ತಾರೆ ಮೂರ್ ಲೀಟ್ರು ಹಾಕವ್ಳೆ, ಇಲ್ಲ ಅಂದ್ರೆ ದೊಣ್ಣೆ ತಕ್ಕಂಡ್ ಬತ್ತಾಳೆ. ಇದು ಹಲಗಮ್ಮ. ಇದು ಹೊಂಬಾಳಕ್ಕ. ದಿನಾ ಬರ್ಯೋಳು ನಮ್ ಮಂಚಮ್ಮ. ಅವ್ಳ ಬಾಯಲ್ಲೂ ‘ಹ’ ನಿಲ್ಲಕಿಲ್ಲ, ಕೈಯಲ್ಲೂ ನಿಲ್ಲಕಿಲ್ಲ. ನಾನೇ ಬೈತಿರ್ತೀನಿ.”

ಈಗ ಎಲ್ಲರೂ ಸಂತೋಷವಾಗಿ ನಕ್ಕರು. “ನಮ್ಮಲ್ಲೂ ಅಂಗೇ ಕಣವ್ವಾ” ಎಂದು ನಾಲ್ಕು ಕಡೆಯಿಂದ ದನಿ ಬಂತು. ನಂಜೇಶ್ ಕೆನ್ನೆ ಕೆರೆದುಕೊಂಡು, “ಸಣ್ಣ ತೊಡಕು, ಅಷ್ಟೆ. ಮೊದಲ ಎಚ್ ಬಿಟ್ಟು ಹೋಲಿಸು ಅಂತ ಎರಡು ಸಾಲು ಸೇರಿಸಿದರೆ ಆಯ್ತು. ಊಟದೊಳಗೆ ಸರಿ ಮಾಡ್ತೀನಿ” ಎಂದ.

ಎರಡು ಸಾಲು. ಪುಟ್ಟಬಸಮ್ಮ ಮಡಿಲಿನಲ್ಲಿ ಕೈ ಕಟ್ಟಿ ಕೂತಿದ್ದರು. ಯಾರೂ ಅವರ ಕಡೆ ನೋಡಲಿಲ್ಲ. ಹಳೆಯದನ್ನು ಯಾರೂ ಎತ್ತಲಿಲ್ಲ. ಸುಮ್ಮನಿದ್ದರೆ ಸಾಕು, ಎಲ್ಲವೂ ತನ್ನಷ್ಟಕ್ಕೆ ಮುಚ್ಚಿಹೋಗುತ್ತಿತ್ತು.

ಟೀ ಹೊತ್ತಿನಲ್ಲಿ ಇಂದ್ರಾಣಿ ಎರಡು ಲೋಟ ಹಿಡಿದು ಬಂದಳು. ಒಂದನ್ನು ಅವರಿಗೆ ಕೊಟ್ಟು, ಬಿಸಿ ಇದೆ ಎಂದು ಅದರ ಕೆಳಗೆ ಕಾಗದ ಮಡಿಸಿ ಹಿಡಿಸಿದಳು. ಪಕ್ಕದಲ್ಲಿ ಕೂರದೆ ನಿಂತೇ ಕೇಳಿದಳು.

“ಮೇಡಂ, ನಮ್ಮಪ್ಪನ ಕಾಲ್ದಲ್ಲೂ ಹಿಂಗೇ ಆಗಿರ್ಬೋದಾ?”

“ಇರಬಹುದು” ಎಂದರು ಪುಟ್ಟಬಸಮ್ಮ. ಪ್ರಬಂಧಗಳಲ್ಲಿ ಬರೆದು ಬರೆದು ರೂಢಿಯಾದ ಮಾತು, ಯಾರಿಗೂ ಸಿಕ್ಕಿಬೀಳದ ಮಾತು.

ಇಂದ್ರಾಣಿ ಒಂದು ಗುಟುಕು ಟೀ ಕುಡಿದಳು. ಆಮೇಲೆ, “ನಿಮ್ಗಾದ್ರೂ ಹೆಂಗ್ ಗೊತ್ತಾಗ್ಬೇಕು ಬುಡಿ. ನೀವು ಓದ್ದೋರು, ನಮ್ ಮಾತು ನಿಮ್ಗೆಲ್ಲಿ ಬರ್ಬೇಕು. ಬೇಜಾರ್ ಮಾಡ್ಕಬೇಡಿ ಮೇಡಂ” ಎಂದಳು.

ಸಮಾಧಾನ ಹೇಳುತ್ತಿದ್ದಾಳೆ! ಪುಟ್ಟಬಸಮ್ಮ ಲೋಟ ಕೆಳಗಿಡಲು ಹೋಗಿ ಟೀಯನ್ನು ಸೀರೆಯ ಮೇಲೆ ಚೆಲ್ಲಿಕೊಂಡರು. ಇಂದ್ರಾಣಿ ತಕ್ಷಣ ತನ್ನ ಕರವಸ್ತ್ರ ತೆಗೆದು ಒರೆಸಲು ಬಗ್ಗಿದಳು. ಅವರು ಅವಳ ಕೈ ಹಿಡಿದು ನಿಲ್ಲಿಸಿದರು.

“ಬರುತ್ತೆ ಕಣವ್ವಾ. ನಿಮ್ಮ ಮಾತು ನನಗೆ ಬರುತ್ತೆ. ನಾನೂ ಎಮ್ಮರಗಾಲದೋಳು.”

ಟೀ ಮುಗಿದು ಜನ ಒಳಕ್ಕೆ ಬಂದ ಮೇಲೆ ಅವರು ಎದ್ದು ಮೈಕಿನ ಹತ್ತಿರ ಹೋದರು. ತಯಾರು ಮಾಡಿಕೊಂಡು ಬಂದಿದ್ದ ಭಾಷಣವನ್ನು ಮೇಜಿನ ಮೇಲೆ ಮಗುಚಿ ಹಾಕಿದರು.

“ಈಗ ನೀವು ನೋಡಿದ ತಪ್ಪು ಮಾಕನಕೊಪ್ಪಲಿನ ಹಳೇ ಲೆಕ್ಕದಲ್ಲೂ ಆಗಿತ್ತು. ಮೂವತ್ತೊಂದು ಜನ ಇಲ್ಲ ಅಂತ ನಾನು ಬರೆದೆ. ಅವರು ಇದ್ದರು. ಅದು ನನಗೆ ಗೊತ್ತಾಗಿ ಏಳು ವರ್ಷ ಆಯ್ತು. ದೊಡ್ಡಮಾದಯ್ಯನವರು ಹೆಸರು ಕೇಳಿ ನನಗೆ ಕಾಗದ ಬರೆದಿದ್ದರು. ನಾನು ಉತ್ತರ ಬರೆಯಲಿಲ್ಲ. ಅವರು ಯಾರ ಹಾಲನ್ನೂ ಕದ್ದಿಲ್ಲ.”

ಮೊದಲು ಮಾತಾಡಿದವರು ಶಿವಸ್ವಾಮಿ. “ಅದೆಲ್ಲ ಯಾವ್ ಕಾಲ್ದ ಮಾತು ಬುಡಿ ಮೇಡಂ! ಅವ್ನೇ ರಾಜೀನಾಮೆ ಬರ್ಕೊಟ್ ಓದ. ಆಗಿದ್ ಆಗೋಯ್ತು.”

“ನೀವು ಹೇಳಿದ್ದಕ್ಕೆ ಬರೆದುಕೊಟ್ಟರು ಶಿವಸ್ವಾಮಿಯವರೇ. ನೀವು ಹೇಳಿದ್ದು ನನ್ನ ಕಾಗದ ನೋಡಿ” ಎಂದರು ಪುಟ್ಟಬಸಮ್ಮ.

ನಂಜೇಶ್ ಓಡಿಬಂದು ಮೈಕಿಗೆ ಕೈ ಅಡ್ಡ ಇಟ್ಟು ಪಿಸುಗುಟ್ಟಿದ. “ಮೇಡಂ, ಏನ್ ಮಾಡ್ತಿದ್ದೀರಿ? ಮುಂದಿನ ತಿಂಗಳು ಇಂಟರ್‌ವ್ಯೂ. ನಿಮ್ಮ ಥೀಸಿಸ್ಸಿಗೇ ಕುತ್ತು ಬರುತ್ತೆ.”

“ಬರಲಿ ಕಣೋ” ಎಂದರು.

ಊಟದ ಹೊತ್ತಿನಲ್ಲಿ ಅವರು ಒಂದು ಬಿಳಿ ಹಾಳೆ ಕೇಳಿ ಪಡೆದು ಹೇಳಿಕೆ ಬರೆದರು. ಒಂದು ಪ್ರತಿ ಸಹಕಾರ ಇಲಾಖೆಗೆ, ಒಂದು ವಿಶ್ವವಿದ್ಯಾನಿಲಯಕ್ಕೆ, ಒಂದು ಲೇಖನ ಅಚ್ಚಾದ ಪತ್ರಿಕೆಗೆ ಕಳಿಸಬೇಕೆಂದಿತ್ತು. ಬರೆದು ಇಂದ್ರಾಣಿಯ ಕೈಗೆ ಕೊಟ್ಟರು. ಅವಳು ನಿಧಾನವಾಗಿ ಓದಿದಳು. ಬೆಳಗಿನ ನಗು, ಸಮಾಧಾನ ಯಾವುದೂ ಅವಳ ಮುಖದಲ್ಲಿ ಉಳಿದಿರಲಿಲ್ಲ.

“ಇಲ್ಲಿ ‘ಕಣ್ತಪ್ಪಿನಿಂದ’ ಅಂತ ಬರ್ದಿದ್ದೀರಿ ಮೇಡಂ.”

“ಹೂಂ.”

“ಒಂದ್ ವಾರ ಕಣ್ತಪ್ಪು ಅನ್ಬೋದು. ಏಳ್ ವರ್ಷ? ‘ಗೊತ್ತಿದ್ದೂ’ ಅಂತ ಬರೀರಿ.”

ಪುಟ್ಟಬಸಮ್ಮ ಆ ಪದವನ್ನು ಹೊಡೆದುಹಾಕಿ ಮೇಲೆ ‘ಗೊತ್ತಿದ್ದೂ’ ಎಂದು ಬರೆದರು. ತಮ್ಮ ಜೀವಮಾನದಲ್ಲಿ ಸಾವಿರಾರು ಹುಡುಗರ ಲೆಕ್ಕ ತಿದ್ದಿದ್ದರು. ತಮ್ಮದನ್ನು ಇನ್ನೊಬ್ಬರು ತಿದ್ದಿದಾಗ ಮಾತಾಡದೆ ಒಪ್ಪಿಕೊಳ್ಳುವುದು ಎಂಥದೆಂದು ಆಗ ತಿಳಿಯಿತು.

“ಅಪ್ಪ ಎಲ್ಲಿದ್ದಾರಮ್ಮ?”

“ತಾಂಡ್ಯದಲ್ಲವ್ರೆ. ಫ್ಯಾಕ್ಟ್ರಿ ಗೇಟಲ್ಲಿ ಲಾರಿ ನಂಬರ್ ಬರ್ಯೋ ಕೆಲ್ಸ. ಅಲ್ಲೇ ರೂಮ್ ಮಾಡ್ಕಂಡವ್ರೆ, ವಾರಕ್ಕೊಂದ್ ಸಲ ಊರಿಗೆ ಬತ್ತಾರೆ. ಐದ್ ವರ್ಷ ಆಯ್ತು.”

ನಂಜನಗೂಡಿನ ಅವರ ಮನೆಯಿಂದ ತಾಂಡ್ಯ ಏನು ಮಹಾ ದೂರ! ಐದು ವರ್ಷದಿಂದ ಮೈಸೂರಿಗೆ ಹೋಗಿಬರುವ ಬಸ್ಸಿನಲ್ಲಿ ವಾರಕ್ಕೆ ಮೂರು ಸಲ ಆ ಕಡೆಯಿಂದಲೇ ದಾಟಿದ್ದರು.

ಮರುದಿನ ಹನ್ನೊಂದು ಗಂಟೆಗೆ ಇಬ್ಬರೂ ಹೋದರು. ಪುಟ್ಟಬಸಮ್ಮ ಬೀರುವಿನಿಂದ ಆ ಹಳೆಯ ಪ್ರಿಂಟೌಟನ್ನೂ ತೆಗೆದುಕೊಂಡಿದ್ದರು. ಖಾಕಿ ಅಂಗಿ ಹಾಕಿದ ದೊಡ್ಡಮಾದಯ್ಯ ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿದ್ದರು. ಮಗಳ ಜೊತೆ ಬಂದವರ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಹಿಡಿದವರೇ ಎದ್ದು ನಿಂತು, ಇದ್ದ ಒಂದೇ ಸ್ಟೂಲನ್ನು ತಮ್ಮ ಟವೆಲಿನಿಂದ ಒರೆಸಿ, ಅವರ ಕಡೆ ತಳ್ಳಿದರು.

“ಕೂತ್ಕಳಿ ಮೇಡಮ್ಮೋರೆ. ಬಿಸ್ಲಲ್ಲಿ ಬಂದಿದ್ದೀರಿ.”

ಪುಟ್ಟಬಸಮ್ಮ ಕೂರಲಿಲ್ಲ. ಹೇಳಿಕೆಯನ್ನು ಕೊಟ್ಟರು. ಅವರು ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತಾ ಕೊನೆಯವರೆಗೂ ಓದಿದರು. ದೊಡ್ಡಮಾದಯ್ಯ ತಲೆ ಎತ್ತಲಿಲ್ಲ. ಕೋಪವೂ ಕಾಣಲಿಲ್ಲ, ಸಮಾಧಾನವೂ ಕಾಣಲಿಲ್ಲ.

“ಎಸ್ರುಗಳು ತಂದಿದ್ದೀರಾ?” ಎಂದು ಕೇಳಿದರು.

ಪ್ರಿಂಟೌಟು ಕೊಟ್ಟರು. ಅವರು ಕಿಸೆಯಿಂದ ಪೆನ್ನು ತೆಗೆದು, ಲಾರಿ ಪುಸ್ತಕದ ಮೇಲೆ ಅದನ್ನು ಹರಡಿ, ಒಂದೊಂದೇ ಹೆಸರಿನ ಮುಂದೆ ಗುರುತು ಹಾಕುತ್ತಾ ಹೋದರು.

“ಉಚ್ಚಯ್ಯ. ಅವ್ನೆ, ಗಟ್ಟಿಮುಟ್ಟಾಗವ್ನೆ. ಅಲಗಯ್ಯ ತೀರ್ಕಂಡ, ಎರ್ಡ್ ವರ್ಸ ಆಯ್ತು. ಒಂಬಾಳಮ್ಮನೂ ಓದ್ಲು, ಓದ್ ಕಾರ್ತೀಕದಲ್ಲಿ...” ಹೀಗೆ ಇಪ್ಪತ್ತೆಂಟರವರೆಗೆ ಬಂದು ಒಮ್ಮೆ ನಿಂತರು. “ಇದ್ರಲ್ಲಿ ಆರ್ ಜನ ಈಗ ನಿಜವಾಗ್ಲೂ ಇಲ್ಲ ಮೇಡಮ್ಮೋರೆ. ಆವಾಗಾಗಿದ್ರೆ ಎಲ್ರನೂ ಕರ್ಕಬತ್ತಿದ್ದೆ.”

ಇಂದ್ರಾಣಿ ರಸ್ತೆಯ ಕಡೆ ಮುಖ ತಿರುಗಿಸಿ ನಿಂತಳು.

ಇಪ್ಪತ್ತೊಂಬತ್ತನೆಯ ಹೆಸರಿನ ಮೇಲೆ ದೊಡ್ಡಮಾದಯ್ಯನವರ ಪೆನ್ನು ನಿಂತಿತು. ಅಲ್ಲಿ ‘ಹ’ದ ಮಾತೇ ಇರಲಿಲ್ಲ. ಮಾದಮ್ಮ ಎಂದಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಆಚೆಯ ಲೀಟರಿನ ಅಂಕಿಗಳನ್ನು ಬೆರಳಿಟ್ಟು ಎಣಿಸಿದರು. ಹೊರಗೆ ಒಂದು ಲಾರಿ ಬಂದು ಹಾರನ್ ಹೊಡೆಯಿತು. “ತಡ್ಕಳಪ್ಪಾ” ಎಂದು ಕೈ ಎತ್ತಿದರು.

ಮಿಕ್ಕ ಎರಡು ಹೆಸರನ್ನೂ ಓದಿ ನೋಡಿ ಮತ್ತೆ ಅಲ್ಲಿಗೇ ಬಂದು, “ಇದು ನಂದೇ ತಪ್ಪು” ಎಂದರು ಕೊನೆಗೆ. “ಮಾದಮ್ಮ ಸದಸ್ಯಳಲ್ಲ. ನಮ್ ಕೇರಿಯೋಳು. ಗಂಡ ಆಸ್ಪತ್ರೇಲಿದ್ದ. ಸದಸ್ಯಳು ಮಾಡ್ಕಳಕೆ ಮೀಟಿಂಗ್ ಆಗ್ಬೇಕು, ಅಲ್ಲೀವರ್ಗೂ ಅವ್ಳ ಆಲ್ ತಕಳಕಾಗಲ್ಲ ಅಂತ ರೂಲ್ಸು. ನಾನು ತಕ್ಕಂಡೆ. ಅನ್ನೊಂದ್ ದಿನ. ಬರ್ಕಳಿ ಮೇಡಮ್ಮೋರೆ.”

“ಅದು ತಪ್ಪಲ್ಲ ದೊಡ್ಡಮಾದಯ್ಯನವರೇ. ಅದು ಬೇಡ.”

“ರೂಲ್ಸಿಗ್ ತಪ್ಪೇ. ಗೊತ್ತಿದ್ದೇ ಮಾಡ್ದೆ. ಮೂವತ್ತೊಂದ್ರಲ್ಲಿ ಮೂವತ್ತು ಸರಿ, ಒಂದು ನಂದು ಅಂತ ಬರೀರಿ. ಎಲ್ಲಾ ಸರಿ ಅಂತ ಬರುದ್ರೆ ನಾಳೆ ಇನ್ಯಾರೋ ಬಂದು ಇದ್ನ ಇಡೀತಾರೆ. ಆಗ ನಿಮ್ ಕಾಗ್ದಕ್ಕೂ ಬೆಲೆ ಇರಕಿಲ್ಲ, ನಂಗೂ ಇರಕಿಲ್ಲ.”

ಮಿಕ್ಕ ಎರಡು ಹೆಸರಿಗೂ ಗುರುತು ಹಾಕಿ ಪೆನ್ನನ್ನು ಅವರಿಗೇ ಕೊಟ್ಟು, ಲಾರಿಯ ಕಡೆ ನಡೆದರು. ಪುಟ್ಟಬಸಮ್ಮ ಆಗ ಸ್ಟೂಲಿನ ಮೇಲೆ ಕೂತರು. ಹಾಳೆಯ ಕೊನೆಯಲ್ಲಿ ಉಳಿದಿದ್ದ ಜಾಗದಲ್ಲಿ, ತಮ್ಮ ತಪ್ಪಿನ ಕೆಳಗೆ, ಮಾದಮ್ಮನ ಹನ್ನೊಂದು ದಿನದ ಹಾಲಿನ ವಿಷಯವನ್ನು ಬರೆಯತೊಡಗಿದರು. ಎರಡೂ ಒಂದೇ ಹಾಳೆಯಲ್ಲಿ ಹೇಗೆ ಕೂರುತ್ತವೆ ಎಂದು ಅವರಿಗೆ ತಿಳಿಯಲಿಲ್ಲ. ಗೇಟಿನ ಬಳಿ ದೊಡ್ಡಮಾದಯ್ಯ ಲಾರಿಯ ಹಿಂಬದಿಗೆ ಹೋಗಿ, ಧೂಳು ಮೆತ್ತಿದ್ದ ನಂಬರನ್ನು ಕೈಯಿಂದ ಒರೆಸಿ, ಎರಡು ಸಲ ಓದಿಕೊಳ್ಳುತ್ತಿದ್ದರು.